ಕಾಡಿಲ್ಲದ ಊರಿನ ಶಾಲೆಯಲ್ಲಿ ವನ್ಯಜೀವಿ ಪಾಠ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ 6ರಿಂದ 8ನೇ ತರಗತಿಗೆ ವಿಜ್ಞಾನ ಬೋಧಿಸುತ್ತೇನೆ. ಸಸ್ಯ ಮತ್ತು ಪ್ರಾಣಿಗಳ ಸಂರಕ್ಷಣೆಯ ಪಾಠಕ್ಕೆ ಮಧ್ಯಪ್ರದೇಶದ ಪಚ್‌ಮಡಿ ಕಾಡಿನ ಉದಾಹರಣೆ ಇದೆ. ನಮ್ಮ ಸುತ್ತ ಕಾಡಿಲ್ಲ. ಗೋವಿನಜೋಳದ ಹೊಲ, ಗೋಮಾಳ, ಒಂದು ಕೆರೆ, ಅಷ್ಟೇ. ಚಾರ್ಟಿನಲ್ಲಿರುವ ಹುಲಿ, ಆನೆಗಳ ಚಿತ್ರ ತೋರಿಸಿ ಪಾಠ ಮುಗಿಸುತ್ತೇನೆ, ಮಕ್ಕಳು ವ್ಯಾಖ್ಯೆಯನ್ನು ಬಾಯಿಪಾಠ ಮಾಡುತ್ತಾರೆ. ಖರ್ಚಿಲ್ಲದೆ, 40 ನಿಮಿಷದ ಅವಧಿಯಲ್ಲಿ ಮಾಡಿಸಬಹುದಾದ ಚಟುವಟಿಕೆಗಳನ್ನು ತಿಳಿಸುವಿರಾ? ಪರೀಕ್ಷೆಗೂ ಅವು ನೆರವಾಗಬೇಕು. ಅಭಯಾರಣ್ಯಕ್ಕೆ ಪ್ರವಾಸ ಕರೆದೊಯ್ಯದೆ ಈ ಪಾಠ ಪೂರ್ಣವಾಗುವುದೇ?

ಉತ್ತರ: ನಿಮ್ಮ ಪತ್ರದ ‘ನಮ್ಮ ಸುತ್ತ ಕಾಡಿಲ್ಲ’ ಎಂಬ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದ ತೊಡಕುಗಳೆಲ್ಲ ಅದರಿಂದಲೇ ಹುಟ್ಟಿವೆ. ನಿಮ್ಮ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯವಿದೆ. ಅದು ಘೋಷಣೆಯಾದದ್ದು 1974ರಲ್ಲಿ. ಕೃಷ್ಣಮೃಗ ದಟ್ಟ ಕಾಡಿನ ಪ್ರಾಣಿಯಲ್ಲ, ಬಯಲಿನ ಪ್ರಾಣಿ. ದೂರದಿಂದಲೇ ಶತ್ರುವನ್ನು ಕಂಡು ಓಡಿ ಪಾರಾಗುವುದು ಅದರ ಬದುಕಿನ ಕ್ರಮವಾದ್ದರಿಂದ ಕಣ್ಣಿಗೆ ಅಡ್ಡ ಬರುವ ಮರ ಅದಕ್ಕೆ ಬೇಡ. ಇದೇ ಬಯಲುಗಳಲ್ಲಿ ಒಂದು ಕಾಲಕ್ಕೆ ಎರೆಭೂತ ಎಂಬ ದೊಡ್ಡ ಹಕ್ಕಿ ಓಡಾಡುತ್ತಿತ್ತು. ದೊರೆವಾಯನ ಹಕ್ಕಿ ಎಂದೂ ಅದನ್ನು ಕರೆಯುತ್ತಾರೆ. ಈಗ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ರಾಣೆಬೆನ್ನೂರಿನ ಹುಲ್ಲುಗಾವಲಿನ ಬಹುಭಾಗದಲ್ಲಿ ನೀಲಗಿರಿ ನೆಡಲಾಯಿತು ಎಂಬುದನ್ನು ಮಕ್ಕಳಿಗೆ ಹೇಳಿದರೆ ಅವರು ಅಚ್ಚರಿಪಡುತ್ತಾರೆ, ಏಕೆಂದರೆ ವನಮಹೋತ್ಸವದ ಭಾಷಣಗಳನ್ನು ಕೇಳಿ ಬೆಳೆದ ಅವರಿಗೆ ಗಿಡ ನೆಡುವುದರಿಂದಲೂ ಒಂದು ಜೀವಿಯ ನೆಲೆ ಹಾಳಾಗಬಹುದೆಂಬ ಯೋಚನೆ ಎಂದೂ ಬಂದಿರುವುದಿಲ್ಲ. ಗೋಮಾಳವನ್ನು ನೀವೇ ‘ಅಷ್ಟೇ’ ಎಂಬ ಪದದೊಳಗೆ ಸೇರಿಸಿಬಿಟ್ಟರೆ ಮಕ್ಕಳೂ ಹಾಗೆಯೇ ಸೇರಿಸುತ್ತಾರೆ.

ನನ್ನದೇ ತಪ್ಪೊಂದನ್ನು ಇಲ್ಲಿ ಹೇಳಬೇಕು. ಬಯಲುಸೀಮೆಯ ಶಾಲೆಯೊಂದರಲ್ಲಿ ಏಳನೇ ತರಗತಿಗೆ ಎರಡು ವಾರ ವನ್ಯಜೀವಿಗಳ ಪಾಠ ಮಾಡಿ, ಕೊನೆಗೆ ‘ನಿಮ್ಮ ಊರಿನ ಹತ್ತು ಕಾಡುಜೀವಿಗಳನ್ನು ಬರೆಯಿರಿ’ ಎಂದು ಕೇಳಿದ್ದೆ. ಹೆಚ್ಚಿನವರು ಹುಲಿ, ಸಿಂಹ ಎಂದು ಶುರುಮಾಡಿದರು. ಒಬ್ಬ ಹುಡುಗ ಜಿರಾಫೆಯನ್ನೂ ಬರೆದಿದ್ದ. ಅವನ ಬೆನ್ನ ಹಿಂದಿನ ಕಿಟಕಿಯ ಸರಳಿನ ಮೇಲೆ ಕುಳಿತಿದ್ದ ಓತಿಕ್ಯಾತ ಯಾರ ಪಟ್ಟಿಯಲ್ಲೂ ಇರಲಿಲ್ಲ. ಪಾಠದಲ್ಲಿ ನಾನು ಬಳಸಿದ ಚಿತ್ರಗಳಲ್ಲಿ ಇಲ್ಲದ್ದು ಅವರ ಉತ್ತರದಲ್ಲಿ ಇರಬೇಕೆಂದು ಬಯಸಿದ್ದು ನನ್ನ ತಪ್ಪು.

ಆದ್ದರಿಂದ ಹೆಸರುಗಳನ್ನು ಕಲಿಸುವುದಕ್ಕಿಂತ ಮೊದಲು ಎಣಿಸುವುದನ್ನೂ ಹೋಲಿಸುವುದನ್ನೂ ಕಲಿಸಿ. ಹನ್ನೊಂದರಿಂದ ಹದಿನಾಲ್ಕರ ವಯಸ್ಸಿನ ಮಕ್ಕಳಿಗೆ ಲೆಕ್ಕ ಬರುತ್ತದೆ, ವಾದ ಮಾಡುವ ಹುಮ್ಮಸ್ಸೂ ಇರುತ್ತದೆ. ಇವೆರಡನ್ನೂ ಬಳಸಿಕೊಳ್ಳುವ ಚಟುವಟಿಕೆಗಳನ್ನೇ ನಾನು ಆರಿಸಿಕೊಳ್ಳುತ್ತೇನೆ.

ಮೊದಲ ಅವಧಿಯಲ್ಲಿ ಹೊರಗೆ ಹೋಗುವುದು ಬೇಡ. ಪ್ರತಿ ಗುಂಪಿಗೆ ಎರಡು ಬಟ್ಟಲು ಕೊಡಿ. ಮೊದಲ ಬಟ್ಟಲಿನಲ್ಲಿ ತೊಗರಿ, ಹೆಸರು, ಅಲಸಂದಿ, ಹುರುಳಿ, ಕಡಲೆ ಈ ಐದರಲ್ಲಿ ಒಂದೊಂದರ ಐದೈದು ಕಾಳು ಇರಲಿ. ಎರಡನೆಯದರಲ್ಲಿ ಕಡಲೆಯೇ 21, ಉಳಿದ ನಾಲ್ಕರ ಒಂದೊಂದು ಕಾಳು ಇರಲಿ. ಎರಡರಲ್ಲೂ ಕಾಳು 25, ಬಗೆ ಐದು. ‘ಯಾವುದರಲ್ಲಿ ವೈವಿಧ್ಯ ಹೆಚ್ಚು?’ ಎಂದು ಕೇಳಿದರೆ ಅರ್ಧ ತರಗತಿ ‘ಎರಡೂ ಒಂದೇ’ ಎನ್ನುತ್ತದೆ. ಸರಿ ತಪ್ಪು ಹೇಳಬೇಡಿ. ಕಣ್ಣು ಮುಚ್ಚಿ ಎರಡು ಕಾಳನ್ನು ಎತ್ತಲು ಹೇಳಿ. ಎರಡೂ ಬೇರೆ ಬಗೆಯವಾದರೆ ಒಂದು ಗೀಟು ಹಾಕಿ, ಕಾಳನ್ನು ಮರಳಿ ಹಾಕಿ ಕಲಸಿ, ಹೀಗೆ 30 ಬಾರಿ ಮಾಡಲಿ. ಮೊದಲ ಬಟ್ಟಲಿನಲ್ಲಿ ಸುಮಾರು 25 ಬಾರಿ, ಎರಡನೆಯದರಲ್ಲಿ ಸುಮಾರು 9 ಬಾರಿ ಬೇರೆ ಬಗೆಯ ಕಾಳು ಬರುತ್ತವೆ. ಒಂದು ಗುಂಪಿಗೆ 22, ಇನ್ನೊಂದಕ್ಕೆ 27 ಬರಬಹುದು; ಎಲ್ಲ ಗುಂಪುಗಳ ಲೆಕ್ಕವನ್ನು ಹಲಗೆಯ ಮೇಲೆ ಕೂಡಿಸಿದಾಗ ಸರಾಸರಿ ಹತ್ತಿರಕ್ಕೆ ಬರುತ್ತದೆ, ಅದೂ ಒಂದು ಪಾಠವೇ. ಎಷ್ಟು ಬಗೆಯ ಜೀವಿಗಳಿವೆ ಎಂಬುದರ ಜೊತೆಗೆ ಅವು ಎಷ್ಟು ಸಮವಾಗಿ ಹಂಚಿಕೊಂಡಿವೆ ಎಂಬುದೂ ವೈವಿಧ್ಯದ ಭಾಗವೆಂಬುದನ್ನು ಮಕ್ಕಳು ವ್ಯಾಖ್ಯೆಯಿಲ್ಲದೆ ಕಂಡುಕೊಂಡಿರುತ್ತಾರೆ. ಆಗ ‘ನಮ್ಮೂರಿನ ಹೊಲಗಳು ಯಾವ ಬಟ್ಟಲಿನಂತಿವೆ?’ ಎಂದು ಕೇಳಿ. ಒಂದೇ ಹೊಲದಲ್ಲಿ ಹಲವು ಬೆಳೆಗಳ ಅಕ್ಕಡಿ ಸಾಲು ಹಾಕುತ್ತಿದ್ದ ಕಾಲವನ್ನು ಅಜ್ಜಂದಿರಿಂದ ಕೇಳಿರುವ ಒಬ್ಬಿಬ್ಬರಾದರೂ ತರಗತಿಯಲ್ಲಿ ಇದ್ದೇ ಇರುತ್ತಾರೆ. ಗೋವಿನಜೋಳದ ಮಾತು ನೀವು ಎತ್ತಬೇಕಾಗಿಲ್ಲ, ಅವರೇ ಎತ್ತುತ್ತಾರೆ.

ಎರಡನೆಯ ಅವಧಿಗೆ ಅಂಗಳಕ್ಕೆ ಹೋಗಿ. ನಾಲ್ಕು ಮೀಟರಿಗಿಂತ ತುಸು ಉದ್ದದ ಹುರಿ, ನಾಲ್ಕು ಗೂಟ ಇದ್ದರೆ ಒಂದು ಮೀಟರ್ ಅಗಲ, ಒಂದು ಮೀಟರ್ ಉದ್ದದ ಚೌಕವಾಗುತ್ತದೆ. ಒಂದು ಚೌಕ ಮಕ್ಕಳು ಆಡಿ ತುಳಿದ ಜಾಗದಲ್ಲಿ, ಒಂದು ಬೇವಿನ ಮರದ ಬುಡದಲ್ಲಿ, ಒಂದು ನಲ್ಲಿಯ ನೀರು ಹರಿಯುವಲ್ಲಿ, ಒಂದು ಬೇಲಿಯ ಬದಿಯಲ್ಲಿ ಇರಲಿ. ಗಿಡಗಳ ಹೆಸರು ಗೊತ್ತಿಲ್ಲದಿದ್ದರೆ ಚಿಂತೆ ಬೇಡ; ಎಲೆಯ ಆಕಾರ, ಅಂಚು, ಕಾಂಡದ ರೋಮ ನೋಡಿ ‘ಬಗೆ ಅ’, ‘ಬಗೆ ಆ’ ಎಂದು ಬರೆದುಕೊಂಡು ಪ್ರತಿ ಬಗೆಯ ಗಿಡಗಳನ್ನು ಎಣಿಸಲಿ. ಕರಿಕೆ ಹುಲ್ಲು ಒಂದಕ್ಕೊಂದು ಬೆಸೆದು ಹಬ್ಬುವುದರಿಂದ ಎಷ್ಟು ಗಿಡ ಎಂಬ ಜಗಳ ಬಂದೇ ಬರುತ್ತದೆ. ಚೌಕದ ಎಷ್ಟು ಭಾಗವನ್ನು ಅದು ಮುಚ್ಚಿದೆ ಎಂದು ಅಂದಾಜು ಮಾಡಿದರೆ ಸಾಕೆಂಬ ಪರಿಹಾರವನ್ನು ಮಕ್ಕಳೇ ಕಂಡುಕೊಳ್ಳುವವರೆಗೆ ತಾಳ್ಮೆಯಿಂದಿರಿ. ಬೇಲಿಯ ಬದಿಯ ಚೌಕದಲ್ಲಿ ಕಾಂಗ್ರೆಸ್ ಕಸವೇ ತುಂಬಿಕೊಂಡಿದ್ದರೆ ಅದು ನಿಮ್ಮ ಎರಡನೆಯ ಬಟ್ಟಲು. ಹೊರದೇಶದಿಂದ ಬಂದ ಆ ಕಳೆಯನ್ನು ಬರಿಗೈಯಲ್ಲಿ ಕೀಳಲು ಬಿಡಬೇಡಿ, ಚರ್ಮಕ್ಕೆ ತುರಿಕೆ ಹತ್ತುತ್ತದೆ.

ಚೌಕಗಳ ಎಣಿಕೆ ಮುಗಿದ ಮೇಲೆ ಶಾಲೆಯ ಜಗಲಿಯ ಬಳಿ ಸ್ವಲ್ಪ ಹೊತ್ತು ಮೌನವಾಗಿ ಕೂರಿಸಿ. ಜಗಲಿಯ ಅಂಚಿನ ಮೆತ್ತನೆಯ ಧೂಳಿನಲ್ಲಿ ಆಲಿಕೆಯಂಥ ಪುಟ್ಟ ಕುಳಿಗಳನ್ನು ಮಕ್ಕಳು ಹುಟ್ಟಿದಾಗಿನಿಂದ ನೋಡಿರುತ್ತಾರೆ. ಕುಳಿಯ ಅಂಚಿಗೆ ಬಂದ ಇರುವೆಯ ಕಾಲಡಿಯ ಮಣ್ಣು ಜಾರುತ್ತದೆ, ಅದು ಮೇಲೇರಲು ಹೆಣಗುತ್ತದೆ, ತಳದಿಂದ ಯಾರೋ ಮಣ್ಣಿನ ಕಣಗಳನ್ನು ಚಿಮ್ಮಿ ಅದನ್ನು ಬೀಳಿಸುತ್ತಾರೆ, ಕತ್ತರಿಯಂಥ ದವಡೆಯೊಂದು ಒಮ್ಮೆ ಕಂಡು ಇರುವೆಯೊಂದಿಗೆ ಮಣ್ಣೊಳಗೆ ಮರೆಯಾಗುತ್ತದೆ. ಊರಿಗೊಂದು ಹೆಸರಿರುವ ಆ ಹುಳು (ಇಂಗ್ಲಿಷಿನಲ್ಲಿ ಆಂಟ್‌ಲಯನ್) ಒಂದು ಮರಿ ಮಾತ್ರ. ಬೆಳೆದಾಗ ಅದಕ್ಕೆ ಏರೋಪ್ಲೇನ್ ಚಿಟ್ಟೆಯನ್ನು ಹೋಲುವ ತೆಳುವಾದ ನಾಲ್ಕು ರೆಕ್ಕೆಗಳು ಬರುತ್ತವೆ ಎಂದು ತಿಳಿಸಿದ ಮೇಲೆ, ಮರುದಿನದಿಂದ ಆ ಜಗಲಿಯನ್ನು ಕಸಬರಿಗೆಯಿಂದ ಗುಡಿಸುವ ಮುನ್ನ ಮಕ್ಕಳು ಒಮ್ಮೆ ಬಗ್ಗಿ ನೋಡುತ್ತಾರೆ. ಬೇಟೆ ನೋಡಬೇಕಾದರೆ ಬಂಡೀಪುರಕ್ಕೇ ಹೋಗಬೇಕೆಂದಿಲ್ಲ.

ಹಕ್ಕಿಗಳ ಎಣಿಕೆಯನ್ನು ಒಂದು ದಿನದ ಕಾರ್ಯಕ್ರಮವಾಗಿ ಮಾಡಿ ಮುಗಿಸಬೇಡಿ, ವರ್ಷವಿಡೀ ನಡೆಯಲಿ. ವಾರದ ಒಂದೇ ದಿನ, ಪ್ರಾರ್ಥನೆಗೆ ಮೊದಲು, ಒಂದೇ ಜಾಗದಲ್ಲಿ ನಿಂತು 15 ನಿಮಿಷ ನೋಡುವ ಸರದಿಯನ್ನು ಐದೈದು ಮಕ್ಕಳಿಗೆ ಹಂಚಿ. ಒಂದೇ ಗೊರವಂಕ ಮೂರು ಸಲ ಹಾರಿಹೋದರೆ ಮೂರು ಎಂದು ಬರೆಯುವ ತಪ್ಪು ಸಹಜ. ಒಂದು ಬಗೆಯ ಹಕ್ಕಿ ಒಮ್ಮೆಗೆ ಹೆಚ್ಚೆಂದರೆ ಎಷ್ಟು ಕಂಡವೋ ಆ ಸಂಖ್ಯೆಯನ್ನು ಮಾತ್ರ ಬರೆಯಬೇಕೆಂಬ ನಿಯಮ ಇಟ್ಟುಕೊಳ್ಳಿ. ಹಾಳೆಯನ್ನು ಗೋಡೆಗೆ ಅಂಟಿಸಿ. ಜೂನ್‌ನಿಂದ ಮಳೆಗಾಲದುದ್ದಕ್ಕೂ ಬಾವಿಯ ಮೇಲೆ ಬಾಗಿದ ಜಾಲಿಯಲ್ಲಿ ಗೀಜಗನ ಗೂಡುಗಳು ಏಳುವುದು, ಗಂಡು ಅರ್ಧ ಹೆಣೆದ ಗೂಡನ್ನು ಹೆಣ್ಣು ಒಪ್ಪಿದ ಮೇಲಷ್ಟೇ ಪೂರ್ತಿ ಮಾಡುವುದು, ಮೇಯುವ ದನದ ಬೆನ್ನೇರಿದ ಕಾಜಾಣ ಹುಲ್ಲಿನಿಂದ ಎದ್ದ ಹುಳುಗಳನ್ನು ಹಿಡಿಯುವುದು, ನಮ್ಮ ರಾಜ್ಯ ಪಕ್ಷಿಯಾದ ನೀಲಕಂಠ ವಿದ್ಯುತ್ ತಂತಿಯ ಮೇಲೆ ಕಾದು ಕೂರುವುದು, ಇವೆಲ್ಲ ಆ ಹಾಳೆಗೆ ತಾವಾಗಿಯೇ ಬಂದು ಸೇರುತ್ತವೆ. ಚಳಿಗಾಲ ಸಮೀಪಿಸಿದಂತೆ ಬಾಲ ಕುಣಿಸುತ್ತಾ ನಡೆಯುವ ಸಿಪಿಲೆಗಳು ಕೆರೆಯಂಚಿಗೆ ಬರುತ್ತವೆ; ಹುಲ್ಲುಗಾವಲಿನ ಮೇಲೆ ತಗ್ಗಾಗಿ ತೇಲುತ್ತಾ ಮಿಡತೆ ಹುಡುಕುವ ‘ಸೆಳೆವ’ ಎಂಬ ಬೇಟೆಹಕ್ಕಿ ಕಂಡರೆ ಅದು ಕಝಾಕಿಸ್ತಾನದ ಬಯಲಿನಲ್ಲಿ ಮರಿ ಮಾಡಿ ಬಂದದ್ದಿರಬಹುದು. ಸಮಾಜ ವಿಜ್ಞಾನದ ಶಿಕ್ಷಕರಿಂದ ಭೂಪಟ ಎರವಲು ಪಡೆಯಲು ಅದಕ್ಕಿಂತ ಒಳ್ಳೆಯ ನೆಪ ಸಿಗದು. ಪ್ರತಿ ಫೆಬ್ರವರಿಯಲ್ಲಿ ದೇಶದಾದ್ಯಂತ ನಡೆಯುವ ಹಕ್ಕಿ ಎಣಿಕೆಯಲ್ಲಿ ನಿಮ್ಮ ಶಾಲೆಯ ಪಟ್ಟಿಯನ್ನೂ ಹಕ್ಕಿಗಳ ದಾಖಲೆ ಇಡುವ ಇ-ಬರ್ಡ್ ಜಾಲತಾಣದ ಮೂಲಕ ಸೇರಿಸಬಹುದು. ಅದಕ್ಕೆ ನಿಮ್ಮ ಮೊಬೈಲ್ ಸಾಕು.

ಆಹಾರ ಜಾಲದ ಹುರಿ ಆಟವನ್ನು ನೀವೂ ತರಬೇತಿಗಳಲ್ಲಿ ಆಡಿರುತ್ತೀರಿ: ಮಕ್ಕಳು ಒಂದೊಂದು ಜೀವಿಯಾಗಿ ವೃತ್ತದಲ್ಲಿ ನಿಂತು, ಯಾರು ಯಾರನ್ನು ತಿನ್ನುತ್ತಾರೋ ಅವರ ನಡುವೆ ಹುರಿ ಎಳೆದು, ಒಬ್ಬರು ಕುಳಿತಾಗ ಎಷ್ಟು ಜನರ ಕೈಗೆ ಎಳೆತ ಬಂತೆಂದು ನೋಡುವ ಆಟ. ಆಟ ಚೆನ್ನಾಗಿದೆ, ಆದರೆ ನನ್ನ ಆಕ್ಷೇಪಗಳು ಎರಡಿವೆ. ಅದರಲ್ಲಿ ಸಿಂಹ ಮತ್ತು ಜೀಬ್ರಾ ಬೇಡ. ಜೋಳ, ಹುಲ್ಲು, ಮಿಡತೆ, ಇಲಿ, ಕೃಷ್ಣಮೃಗ, ಓತಿಕ್ಯಾತ, ಕೇರೆಹಾವು, ಗೂಬೆ, ನರಿ, ತೋಳ, ಕಾಗೆ, ಕಂಬಳಿಹುಳು ಇರಲಿ. ಎರಡನೆಯದಾಗಿ, ಒಂದು ಜೀವಿ ಹೋದರೆ ಇಡೀ ಜಾಲವೇ ಕುಸಿಯುತ್ತದೆ ಎಂಬ ತಪ್ಪು ತಿಳಿವಳಿಕೆಯೊಂದಿಗೆ ಮಕ್ಕಳು ಮನೆಗೆ ಹೋಗಬಾರದು. ಎರೆಭೂತ ಹೋದ ಮೇಲೂ ಬಯಲಿನ ಉಳಿದ ಜೀವಿಗಳು ಬದುಕಿವೆ. ಆದ್ದರಿಂದ ಎಳೆತ ಬಂದವರನ್ನು ‘ನಿನಗೆ ಬೇರೆ ಆಹಾರ ಇದೆಯೇ?’ ಎಂದು ಕೇಳಿ, ಇದ್ದವರು ನಿಂತಿರಲಿ, ಇಲ್ಲದವರು ಕೂರಲಿ. ಹಲವು ಆಹಾರಗಳಿರುವ ಕಾಗೆ ಕೊನೆಯವರೆಗೂ ನಿಲ್ಲುತ್ತದೆ. ಒಂದೇ ಗಿಡವನ್ನು ನೆಚ್ಚಿದ ಕಂಬಳಿಹುಳು ಬೇಗ ಕೂರುತ್ತದೆ. ಹೀಗೆ ಆಡಿಸಿದ ಆಟ ತುಸು ಗೊಂದಲಮಯವಾಗುತ್ತದೆ, ಆದರೆ ಸತ್ಯಕ್ಕೆ ಹತ್ತಿರವಾಗಿರುತ್ತದೆ.

ನಿಮ್ಮ ಊರಿನ ಹಳೆಯ ಗುಡಿಯಲ್ಲೋ ಪಾಳುಬಿದ್ದ ಕಟ್ಟಡದಲ್ಲೋ ಕಣಜ ಗೂಬೆ ನೆಲೆಸಿದ್ದರೆ ಅದರ ಕೆಳಗೆ ಹೆಬ್ಬೆರಳು ಗಾತ್ರದ ಕಪ್ಪು ಉಂಡೆಗಳು ಬಿದ್ದಿರುತ್ತವೆ. ಅದು ಹಿಕ್ಕೆಯಲ್ಲ. ಇಲಿಯನ್ನು ಇಡಿಯಾಗಿ ನುಂಗಿದ ಗೂಬೆ, ಜೀರ್ಣವಾಗದ ಕೂದಲು ಮತ್ತು ಮೂಳೆಗಳನ್ನು ಉಂಡೆಕಟ್ಟಿ ಬಾಯಿಂದ ಹೊರಹಾಕುತ್ತದೆ. ಕೈಗವಸು ಹಾಕಿಕೊಂಡು ನೀವೇ ಅವನ್ನು ತಂದು, ಅಡುಗೆಗೆ ಬಳಸದ ಪಾತ್ರೆಯಲ್ಲಿ ಕುದಿಸಿ, ಆರಿದ ಮೇಲೆ ಮಕ್ಕಳ ಮುಂದಿಡಿ. ಹಲ್ಲುಕಡ್ಡಿಯಿಂದ ಬಿಡಿಸುತ್ತಾ ಹೋದಂತೆ ಕೂದಲಿನ ನಡುವಿನಿಂದ ಪುಟ್ಟ ತಲೆಬುರುಡೆ ಹೊರಬರುತ್ತದೆ. ಮುಂದಿನ ಬಾಗಿದ ಹಳದಿ ಹಲ್ಲುಗಳು ಇಲಿಯದೆಂದು ಸಾರುತ್ತವೆ, ಚೂಪಾದ ಸಾಲುಹಲ್ಲುಗಳಿದ್ದರೆ ಅದು ಸುಂಡಿಲಿ. ಬಿಳಿ ಹಾಳೆಯ ಮೇಲೆ ತಲೆಬುರುಡೆ ಎಣಿಸಿ, ಒಂದು ಉಂಡೆಗೆ ಎಷ್ಟು ಇಲಿ ಎಂದು ಲೆಕ್ಕ ಹಾಕಿದ ರೈತರ ಮಕ್ಕಳು ಗೂಬೆಯನ್ನು ಬೇರೆ ಕಣ್ಣಿನಿಂದ ನೋಡತೊಡಗುತ್ತಾರೆ. ‘ಗೂಬೆ ಕೂತ ಮನೆ ಹಾಳು’ ಎಂದು ಯಾರಾದರೂ ಹೇಳಿದರೆ ನಗಬೇಡಿ. ಅದು ಅವರ ಅಜ್ಜಿಯ ಮಾತು. ‘ಇಲಿಗಳಿಗೆ ಕೇಳಿದರೆ ಏನನ್ನುತ್ತಿದ್ದವು?’ ಎಂದು ಕೇಳಿದರೆ ಸಾಕು.

ಮಳೆ ಬಂದು ಹೊರಗೆ ಹೋಗಲಾಗದ ದಿನಕ್ಕೆ ಇನ್ನೊಂದು ಕಾಳಿನ ಲೆಕ್ಕ ಇಟ್ಟುಕೊಳ್ಳಿ. 2022ರ ಅಂದಾಜಿನಲ್ಲಿ ಕರ್ನಾಟಕದ ಹುಲಿಗಳು 563. ಕಾಡಿನಲ್ಲಿ ಅಡಗಿರುವ ಹುಲಿಗಳನ್ನು ಎಣಿಸಿದ್ದು ಹೇಗೆ ಎಂಬ ಪ್ರಶ್ನೆ ಆ ಸಂಖ್ಯೆಗಿಂತ ಮುಖ್ಯ. ಎಷ್ಟೆಂದು ಎಣಿಸದ ಅಲಸಂದಿ ಕಾಳಿನ ಡಬ್ಬಿಯಿಂದ 40 ಎತ್ತಿ ಶಾಯಿಯ ಗುರುತು ಹಾಕಿ ಮರಳಿ ಬೆರೆಸಿ. ಮತ್ತೆ 40 ಎತ್ತಿದಾಗ ಅದರಲ್ಲಿ 8 ಗುರುತಿನವು ಬಂದರೆ, ಎತ್ತಿದ್ದರಲ್ಲಿ ಐದನೇ ಒಂದು ಭಾಗ ಗುರುತಿನದು. ಹಾಗಾದರೆ ಡಬ್ಬಿಯಲ್ಲಿರುವುದು 40ರ ಐದು ಪಟ್ಟು, ಅಂದರೆ 200ರ ಆಸುಪಾಸು. ಆಮೇಲೆ ಎಣಿಸಿ ನೋಡಲಿ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ, ಆದ್ದರಿಂದ ಕ್ಯಾಮೆರಾ ತೆಗೆದ ಚಿತ್ರದಲ್ಲಿ ಪಟ್ಟೆಯೇ ಶಾಯಿಯ ಗುರುತಾಗುತ್ತದೆ. ಹೆಜ್ಜೆ ಗುರುತಿನ ಎಣಿಕೆಯೇ ರೂಢಿಯಲ್ಲಿದ್ದ ಕಾಲದಲ್ಲಿ, 1990ರ ದಶಕದ ಆರಂಭದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಈ ಕ್ರಮವನ್ನು ಹುಲಿಗಳಿಗೆ ಅನ್ವಯಿಸಿದರು. ಈಗಿನ ಲೆಕ್ಕ ಇನ್ನೂ ಜಟಿಲ, ತತ್ತ್ವ ಮಾತ್ರ ಡಬ್ಬಿಯದೇ.

2002ರ ಜೈವಿಕ ವೈವಿಧ್ಯ ಕಾಯಿದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನರ ಜ್ಞಾನವನ್ನು ಕೇಳಿ ಬರೆದ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಗ್ರಾಮ ಪಂಚಾಯಿತಿಗೆ ಎಂಟನೇ ತರಗತಿಯವರನ್ನು ಕರೆದೊಯ್ದು ಅದನ್ನು ತೋರಿಸಲು ಕೇಳಿ. ಅದರಲ್ಲಿ ಏನೇ ಇರಲಿ, ಮಕ್ಕಳು ತಮ್ಮದೇ ಒಂದು ನೋಟ್‌ಬುಕ್ ಆರಂಭಿಸಲಿ: ಅಜ್ಜಿಯ ಕಾಲದ ಸಾವೆ, ನವಣೆ, ಬರಗುಗಳ ತಳಿಗಳು, ಕುರಿ ಕಾಯುವವರು ಹೇಳುವ ಹುಲ್ಲುಗಳ ಹೆಸರು, ‘ಎರೆಭೂತ’ ಎಂದರೆ ಏನೆಂದು ಯಾರಿಗೆ ಗೊತ್ತು ಎಂಬುದು. ತೋಳವನ್ನು ಕಂಡವರು ಕುರಿಗಾಹಿಗಳೇ ಆದ್ದರಿಂದ ಅಂಥ ಮನೆಯ ಮಕ್ಕಳಿಗೆ ತರಗತಿಯಲ್ಲಿ ಮೊದಲ ಬಾರಿಗೆ ಹೇಳುವುದಕ್ಕೆ ಏನಾದರೂ ಇರುತ್ತದೆ. ಇದನ್ನು ನಾನು ಎಲ್ಲಕ್ಕಿಂತ ದೊಡ್ಡ ಲಾಭವೆಂದು ಎಣಿಸುತ್ತೇನೆ.

ಕೃಷ್ಣಮೃಗ ಬೆಳೆ ತಿನ್ನುವ ಊರುಗಳಲ್ಲಿ ‘ಪ್ರಾಣಿ ಒಳ್ಳೆಯದು, ಮನುಷ್ಯ ಕೆಟ್ಟವನು’ ಎಂಬ ಪಾಠ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಒಂದು ಅವಧಿಯನ್ನು ಗ್ರಾಮಸಭೆಯಾಗಿ ಮಾಡಿ: ರಾತ್ರಿ ಹೊಲ ಕಾಯುವ ರೈತ, ಕುರಿಗಾಹಿ, ಅರಣ್ಯ ರಕ್ಷಕ, ಪಂಚಾಯಿತಿ ಸದಸ್ಯೆ, ಜಿಂಕೆಯ ಪರ ವಕೀಲ. ಹೊಲದ ಹುಡುಗನಿಗೆ ಜಿಂಕೆಯ ವಕಾಲತ್ತು ಕೊಡಿ. ಬೆಳೆ ಪರಿಹಾರ, ಬೇಲಿ, ಬೆಳೆ ಬದಲಾವಣೆ ಇವುಗಳ ಲಾಭ ನಷ್ಟ ಚರ್ಚೆಯಾಗಲಿ. ತೀರ್ಪನ್ನು ನೀವು ಹೇಳಬೇಡಿ.

ಕೆಲವು ಎಚ್ಚರಿಕೆಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ದೃಷ್ಟಿಯಲ್ಲಿ ಕಾಡುಹಕ್ಕಿಯ ಮೊಟ್ಟೆ ತೆಗೆಯುವುದು, ಗೂಡು ಕೆಡಿಸುವುದು ಕೂಡ ಬೇಟೆಯೇ. ‘ಸಂಗ್ರಹ’ದ ಮನೆಗೆಲಸ ಕೊಟ್ಟರೆ ಮಕ್ಕಳು ಉತ್ಸಾಹದಿಂದ ಅದನ್ನೇ ಮಾಡಿಬಿಡುತ್ತಾರೆ, ಆದ್ದರಿಂದ ಚಿತ್ರ ಬಿಡಿಸಿ ತರಲು ಹೇಳಿ. ಪಂಜರದಲ್ಲಿ ಗಿಳಿ ಸಾಕುವುದೂ ಅಪರಾಧ. ಆದರೆ ಯಾರ ಮನೆಯಲ್ಲಿದೆ ಎಂದು ತರಗತಿಯ ಮುಂದೆ ಕೈ ಎತ್ತಿಸಬೇಡಿ. ಕಲ್ಲು ಎತ್ತುವಾಗ ಅದರ ಆಚೆಯ ಅಂಚನ್ನು ಹಿಡಿದು ತಮ್ಮ ಕಡೆಗೆ ಮಗುಚಬೇಕು, ಚೇಳು ಹಾವು ಇದ್ದರೆ ಆಚೆಗೆ ಹೋಗಲು ದಾರಿ ಇರುತ್ತದೆ. ನೋಡಿದ ಮೇಲೆ ಕಲ್ಲನ್ನು ಇದ್ದಂತೆಯೇ ಇಡಬೇಕು.

ಪರೀಕ್ಷೆಯ ಚಿಂತೆ ನ್ಯಾಯವಾದದ್ದು. ವ್ಯಾಖ್ಯೆಗಳನ್ನು ಕೈಬಿಡಬೇಡಿ, ಚಟುವಟಿಕೆಯ ಮರುದಿನ ಬರೆಯಿಸಿ. ಚೌಕ ಎಣಿಸಿದ ಮಗುವಿಗೆ ‘ಸಸ್ಯ ಸಂಪತ್ತು’, ‘ಆವಾಸ’, ‘ಸ್ಥಾನಿಕ ಪ್ರಭೇದ’ (ಒಂದು ಪ್ರದೇಶದಲ್ಲಷ್ಟೇ ಇರುವ ಜೀವಿ) ಎಂಬ ಪದಗಳು ಯಾವುದಕ್ಕಾದರೂ ಅಂಟಿಕೊಳ್ಳುತ್ತವೆ, ಪಚ್‌ಮಡಿಯನ್ನೂ ಆಗ ತನ್ನ ಗೋಮಾಳದೊಡನೆ ಹೋಲಿಸಿ ಓದುತ್ತದೆ. ನಿಮ್ಮ ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆಯಾದರೂ ಎರಡು ಚೌಕಗಳ ಅಂಕಿ ಕೊಟ್ಟು ‘ಯಾವುದರಲ್ಲಿ ವೈವಿಧ್ಯ ಹೆಚ್ಚು, ಏಕೆ?’ ಎಂದಿರಲಿ.

ಪ್ರವಾಸ ಅನಿವಾರ್ಯವಲ್ಲ. ಅವಕಾಶ ಸಿಕ್ಕರೆ, ಅರಣ್ಯ ಇಲಾಖೆಯ ಚಿಣ್ಣರ ವನದರ್ಶನ ಕಾರ್ಯಕ್ರಮವನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ನನ್ನ ಆಯ್ಕೆ ಕೇಳಿದರೆ, ಹುಲಿ ಸಫಾರಿಗಿಂತ ಪಕ್ಕದ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ನಿಮಗೆ ಹೆಚ್ಚು ಒಪ್ಪುತ್ತದೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಅಲ್ಲಿ ಗುಂಪುಗುಂಪಾಗಿ ತಂಗುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಡಿಸೆಂಬರ್ ಕೊನೆಯಿಂದ ಜನವರಿಯೊಳಗೆ, ಬೆಳಿಗ್ಗೆ ಬೇಗ ತಲುಪುವಂತೆ ಹೊರಡಿ. ಅಷ್ಟು ಹೊತ್ತಿಗೆ ನಿಮ್ಮ ಮಕ್ಕಳಿಗೆ ಆರು ತಿಂಗಳ 15 ನಿಮಿಷದ ಎಣಿಕೆಯ ಅಭ್ಯಾಸ ಇರುತ್ತದೆ. ದೊಡ್ಡ ಗುಂಪನ್ನು ಹತ್ತು ಹಕ್ಕಿಗಳ ಅಳತೆಯಿಂದ ಅಂದಾಜು ಮಾಡುವುದನ್ನು ಮಾತ್ರ ಬಸ್ಸಿನಲ್ಲಿ ಹೇಳಿಕೊಡಿ. ಗೋಡೆಯ ಹಾಳೆಯನ್ನೂ ಜೊತೆಗೆ ಒಯ್ಯಿರಿ. ನಿಮ್ಮ ಕೆರೆಗೂ ಆ ಕೆರೆಗೂ ಸಾಮಾನ್ಯವಾದ ಹಕ್ಕಿಗಳು ಎಷ್ಟೆಂದು ಅಲ್ಲೇ ದಂಡೆಯ ಮೇಲೆ ಕುಳಿತು ಗೀಟು ಹಾಕಬಹುದು.